ಸ್ಕಾಟ್ಸ್‌ಬರೋ ಕೇಸು: ಸುಪ್ರೀಂ ಕೋರ್ಟ್ ಎರಡು ಸಲ ತೀರ್ಪು ರದ್ದು ಮಾಡಿದರೂ ಆ ಹುಡುಗರು ಯಾಕೆ ಹೊರಗೆ ಬರಲಿಲ್ಲ?

ಓದುಗ_ತುಮಕೂರು
ಕಾನೂನು ಓದುವ ಹುಡುಗ ಹುಡುಗಿಯರ ಜೊತೆ ತಿಂಗಳಿಗೊಂದು ಹಳೇ ಕೇಸು ಇಟ್ಕೊಂಡು ಮಾತಾಡ್ತೀವಿ. ಈ ಸಲ ಅಮೆರಿಕದ ಅಲಬಾಮಾ ರಾಜ್ಯದ ಸ್ಕಾಟ್ಸ್‌ಬರೋ ಕೇಸು. ಕೇಳದೇ ಇರೋರಿಗೆ ಚಿಕ್ಕದಾಗಿ ಹೇಳಿಬಿಡ್ತೀನಿ.

1931ರ ಮಾರ್ಚ್ 25. ಚಟನೂಗಾದಿಂದ ಮೆಂಫಿಸ್ ಕಡೆಗೆ ಹೊರಟ ಗೂಡ್ಸ್ ರೈಲು. ಕೆಲಸ ಇಲ್ಲದ ಕಾಲ, ಟಿಕೆಟ್ ಇಲ್ಲದೆ ಗೂಡ್ಸ್ ಹತ್ತಿ ಊರೂರು ಅಲೀತಿದ್ದ ಬಡ ಹುಡುಗರು ಅದರಲ್ಲಿ ತುಂಬಾ ಜನ ಇದ್ದರು. ಬಿಳಿ ಹುಡುಗರಿಗೂ ಕಪ್ಪು ಹುಡುಗರಿಗೂ ಹೊಡೆದಾಟ ಆಯ್ತು. ಬಿಳಿಯರನ್ನ ರೈಲಿಂದ ಇಳಿಸಿಬಿಟ್ಟರು, ಅವರು ಹೋಗಿ ದೂರು ಕೊಟ್ಟರು. ಪೇಂಟ್ ರಾಕ್ ಅನ್ನೋ ಊರಲ್ಲಿ ಬಂದೂಕು ಹಿಡಿದ ಗುಂಪು ರೈಲು ನಿಲ್ಲಿಸಿ ಒಂಬತ್ತು ಕಪ್ಪು ಹುಡುಗರನ್ನ ಹಿಡೀತು. ಅದೇ ರೈಲಲ್ಲಿ ವಿಕ್ಟೋರಿಯಾ ಪ್ರೈಸ್, ರೂಬಿ ಬೇಟ್ಸ್ ಅನ್ನೋ ಇಬ್ಬರು ಬಿಳಿ ಯುವತಿಯರಿದ್ದರು. ಈ ಹುಡುಗರು ನಮ್ಮ ಮೇಲೆ ಅತ್ಯಾಚಾರ ಮಾಡಿದರು ಅಂದರು.

ಏಪ್ರಿಲ್ 6ಕ್ಕೆ ವಿಚಾರಣೆ ಶುರು, 9ಕ್ಕೆ ಮುಕ್ತಾಯ. ಎಂಟು ಜನಕ್ಕೆ ಮರಣದಂಡನೆ. ಒಂಬತ್ತನೆಯವನು ರಾಯ್ ರೈಟ್, ಇನ್ನೂ ಮೀಸೆ ಮೂಡದ ಹುಡುಗ. ಸರ್ಕಾರಿ ವಕೀಲರೇ ಇವನಿಗೆ ಜೀವಾವಧಿ ಸಾಕು ಅಂದರೂ ಜ್ಯೂರಿಯಲ್ಲಿ, ಅಂದರೆ ತೀರ್ಪು ಹೇಳೋಕೆ ಕೂರಿಸಿದ ಹನ್ನೆರಡು ಜನ ಸಾಮಾನ್ಯರಲ್ಲಿ, ಕೆಲವರು ಇವನನ್ನೂ ಸಾಯಿಸಲೇಬೇಕು ಅಂತ ಹಠ ಹಿಡಿದರು, ಅದಕ್ಕೇ ತೀರ್ಮಾನ ಆಗಲಿಲ್ಲ.

ಆಮೇಲೆ 1932ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಶಿಕ್ಷೆ ರದ್ದು ಮಾಡ್ತು. 1935ರಲ್ಲಿ ಮತ್ತೊಮ್ಮೆ ರದ್ದು. ನಡುವೆ ರೂಬಿ ಬೇಟ್ಸ್ ಕೋರ್ಟಿಗೆ ಬಂದು ಅತ್ಯಾಚಾರ ಆಗಲೇ ಇಲ್ಲ ಅಂತ ಸಾಕ್ಷಿ ಹೇಳಿದಳು. ಇಷ್ಟಾದರೂ ಕೊನೆಯವನು ಜೈಲಿನಿಂದ ಬಿಡುಗಡೆ ಆಗಿದ್ದು 1950ರಲ್ಲಿ. ನನ್ನ ಪ್ರಶ್ನೆ ಇಷ್ಟೇ: ಮೇಲಿನ ಕೋರ್ಟಿನಲ್ಲಿ ಗೆದ್ದ ಮೇಲೂ ಕೆಳಗೆ ಯಾಕೆ ಸೋತರು?

ವಕೀಲ_ಶಿವಮೊಗ್ಗ
ಮೇಲಿನ ಕೋರ್ಟು ಅವರು ನಿರಪರಾಧಿಗಳು ಅಂತ ಎಲ್ಲೂ ಹೇಳಲಿಲ್ಲ ಸರ್, ಅದಕ್ಕೇ. 1932ರ ಪೊವೆಲ್ ತೀರ್ಪು (ಪೊವೆಲ್, ನಾರಿಸ್ ಇಬ್ಬರೂ ಆ ಒಂಬತ್ತು ಹುಡುಗರಲ್ಲಿದ್ದವರು) ಹೇಳಿದ್ದು ಇವರಿಗೆ ಸರಿಯಾದ ವಕೀಲರು ಸಿಗಲಿಲ್ಲ, ಮತ್ತೆ ವಿಚಾರಣೆ ಮಾಡಿ ಅಂತ. 1935ರ ನಾರಿಸ್ ತೀರ್ಪು ಹೇಳಿದ್ದು ಜ್ಯೂರಿ ಪಟ್ಟಿಯಿಂದ ಕಪ್ಪು ಜನರನ್ನ ಹೊರಗಿಟ್ಟಿದ್ದೀರಿ, ಮತ್ತೆ ವಿಚಾರಣೆ ಮಾಡಿ ಅಂತ. ಎರಡು ಸಲವೂ ಕೇಸು ವಾಪಸ್ ಹೋಗಿದ್ದು ಅದೇ ಅಲಬಾಮಾಕ್ಕೆ, ಅದೇ ಜನರ ಕೈಗೆ.

ಮೈಸೂರು_ರಾಯ
ಅಂದರೂ ವ್ಯವಸ್ಥೆ ಕೆಲಸ ಮಾಡಿತು ಅಂತಲೇ ಹೇಳಬೇಕಾಗುತ್ತೆ. ಒಬ್ಬರನ್ನೂ ವಿದ್ಯುತ್ ಕುರ್ಚಿಗೆ ಕೂರಿಸಲಿಲ್ಲ. ಎರಡು ದೊಡ್ಡ ತೀರ್ಪು ಬಂತು. ಆ ಕಾಲಕ್ಕೆ ಅಷ್ಟಾದರೂ ಆಯಿತಲ್ಲ.

ಭಾಗ್ಯ_ಚಿಕ್ಕಮಗಳೂರು
ರಾಯರೇ, ಜೀವ ಉಳಿದಿದ್ದನ್ನೇ ನ್ಯಾಯ ಅನ್ನೋಕಾಗಲ್ಲ. ಆ ಒಂಬತ್ತರಲ್ಲಿ ಒಬ್ಬ ಹೇವುಡ್ ಪ್ಯಾಟರ್ಸನ್‌ನನ್ನ ಅದೇ ಆರೋಪಕ್ಕೆ ನಾಲ್ಕು ಸಲ ವಿಚಾರಣೆ ಮಾಡಿದರು, ನಾಲ್ಕು ಸಲವೂ ಅಪರಾಧಿ ಅಂದರು. ಮೂರು ಸಲ ಮರಣದಂಡನೆ, ನಾಲ್ಕನೇ ಸಲ 1936ರಲ್ಲಿ 75 ವರ್ಷ ಜೈಲು. ಆ 75 ವರ್ಷವನ್ನೇ ಅಲ್ಲಿನವರು ದೊಡ್ಡ ರಿಯಾಯಿತಿ ಅನ್ನೋ ಹಾಗೆ ನೋಡಿದರು.

ಕಾರ್ಕಳದ_ಹುಡುಗ
ಮೊದಲ ವಿಚಾರಣೆಯಲ್ಲಿ ಇವರ ಪರ ವಕೀಲರು ಯಾರಿದ್ದರು ಮಾರಾಯ್ರೆ? ಅದನ್ನೂ ಸ್ವಲ್ಪ ಹೇಳಿ.

ವಕೀಲ_ಶಿವಮೊಗ್ಗ
ಹೇಳ್ತೀನಿ, ಇದು ನನ್ನ ಕಸುಬಿಗೇ ಅವಮಾನ ಅನ್ನಿಸೋ ಭಾಗ. ಜಡ್ಜ್ ಹಾಕಿನ್ಸ್ ಶುರುವಿನಲ್ಲಿ ಆ ಊರಿನ ಬಾರ್‌ನಲ್ಲಿರೋ ಎಲ್ಲಾ ವಕೀಲರನ್ನೂ ನೇಮಕ ಮಾಡಿದೀನಿ ಅಂದ. ಎಲ್ಲರ ಹೊಣೆ ಅಂದರೆ ಯಾರ ಹೊಣೆಯೂ ಅಲ್ಲ. ವಿಚಾರಣೆ ದಿನ ಎದ್ದು ನಿಂತಿದ್ದು ಇಬ್ಬರು. ಒಬ್ಬರು ಚಟನೂಗಾದ ಸ್ಟೀಫನ್ ರಾಡಿ, ಜಮೀನು ಮನೆ ವ್ಯವಹಾರ ನೋಡ್ತಿದ್ದವರು, ಅಲಬಾಮಾ ಕಾನೂನು ನನಗೆ ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳಿದವರು. ಇನ್ನೊಬ್ಬರು ಮೈಲೋ ಮೂಡಿ, ಎಪ್ಪತ್ತರ ಹತ್ತಿರದ ಸ್ಥಳೀಯರು. ಕಕ್ಷಿದಾರರ ಜೊತೆ ಕೂತು ಮಾತಾಡೋಕೂ ಅರ್ಧ ಗಂಟೆಯಷ್ಟೇ ಸಿಕ್ಕಿದ್ದು. ಹೊರಗಡೆ ಸಾವಿರಾರು ಜನ, ಗಲಾಟೆ ಆಗಬಾರದು ಅಂತ ಮೆಷಿನ್ ಗನ್ ಇಟ್ಕೊಂಡು ನಿಂತ ನ್ಯಾಷನಲ್ ಗಾರ್ಡ್. ಮೊದಲ ತೀರ್ಪು ಬಂದಾಗ ಹೊರಗೆ ಎದ್ದ ಜಯಘೋಷ ಒಳಗೆ ಕೂತಿದ್ದ ಮುಂದಿನ ಜ್ಯೂರಿಗೂ ಕೇಳಿಸಿತು.

ಮರಣದಂಡನೆಯಂಥ ಕೇಸಿನಲ್ಲಿ, ಆರೋಪಿಗೆ ವಕೀಲರನ್ನ ಇಟ್ಟುಕೊಳ್ಳೋ ಶಕ್ತಿ ಇಲ್ಲದಿದ್ದರೆ, ತನ್ನ ವಾದ ತಾನೇ ಮಾಡಿಕೊಳ್ಳಲು ಆಗದಿದ್ದರೆ, ಕೋರ್ಟೇ ವಕೀಲರನ್ನ ಕೊಡಬೇಕು, ಹೆಸರಿಗೆ ಕೊಟ್ಟರೆ ಸಾಲದು ಅನ್ನೋ ಮಾತು ಅಲ್ಲಿಂದ ಬಂತು. ನಮ್ಮ ಸುಪ್ರೀಂ ಕೋರ್ಟ್ ಕೂಡ ಉಚಿತ ಕಾನೂನು ನೆರವಿನ ವಿಷಯ ಬಂದಾಗ ಪೊವೆಲ್ ತೀರ್ಪನ್ನ ನೆನಪಿಸಿಕೊಂಡಿದೆ.

ಇತಿಹಾಸ_ದಾವಣಗೆರೆ
ಡೆಕಾಟರ್ ಊರಿನ 1933ರ ಮರುವಿಚಾರಣೆಯೇ ಇದರಲ್ಲಿ ಎಲ್ಲಕ್ಕಿಂತ ಮುಖ್ಯ. ಯಾಕಂದ್ರೆ ಅಲ್ಲಿ ವಕೀಲರ ಕೊರತೆ ಇರಲಿಲ್ಲ. ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಲೀಬೊವಿಟ್ಜ್ ಫೀಸಿಲ್ಲದೆ ಬಂದರು. ಆ ಕಾಲದ ಅತ್ಯುತ್ತಮ ಕ್ರಿಮಿನಲ್ ವಕೀಲರಲ್ಲಿ ಒಬ್ಬರು.

ಸಾಕ್ಷಿ ನೋಡಿ. ಘಟನೆ ಆಯಿತು ಅನ್ನೋ ಹೊತ್ತಿನಿಂದ ಒಂದೆರಡು ಗಂಟೆಯಲ್ಲೇ ಡಾಕ್ಟರ್ ಬ್ರಿಡ್ಜಸ್ ಇಬ್ಬರನ್ನೂ ಪರೀಕ್ಷೆ ಮಾಡಿದ್ದರು. ಆರು ಜನ ಜಲ್ಲಿಕಲ್ಲಿನ ಮೇಲೆ ಕೆಡವಿ ಹಿಂಸೆ ಮಾಡಿದರು ಅಂತ ಪ್ರೈಸ್ ಹೇಳಿದ್ದಳು, ಆದರೆ ಮೈಮೇಲೆ ಅದಕ್ಕೆ ತಕ್ಕ ಗಾಯ ಇರಲಿಲ್ಲ. ಸಿಕ್ಕ ವೀರ್ಯಾಣುಗಳಲ್ಲಿ ಚಲನೆ ಇರಲಿಲ್ಲ. ಆರೋಪಿಗಳಲ್ಲಿ ವಿಲ್ಲಿ ರಾಬರ್ಸನ್‌ಗೆ ಗುಹ್ಯರೋಗ ಎಷ್ಟು ಮುದುರಿಸಿತ್ತು ಅಂದ್ರೆ ಕೋಲು ಹಿಡಿದು ನಡೀತಿದ್ದ. ಓಲೆನ್ ಮಾಂಟ್ಗೊಮೆರಿಗೆ ಒಂದು ಕಣ್ಣು ಕಾಣ್ತಲೇ ಇರಲಿಲ್ಲ, ಇನ್ನೊಂದು ಮಂಜು. ಇವರು ಓಡುವ ಗೂಡ್ಸಿನ ಡಬ್ಬಿಯಿಂದ ಡಬ್ಬಿಗೆ ಹಾರಿ ಹೋಗಿ ಅಪರಾಧ ಮಾಡಿದರು ಅಂತ ನಂಬಬೇಕಿತ್ತು. ಜೊತೆಗೆ ರೂಬಿ ಬೇಟ್ಸ್ ಸ್ವತಃ ಬಂದು ಹಾಗೇನೂ ಆಗಲಿಲ್ಲ ಅಂದಳು.

ಆಗ ಸರ್ಕಾರದ ಕಡೆಯ ವೇಡ್ ರೈಟ್ ಜ್ಯೂರಿಗೆ ಹೇಳಿದ್ದು ಏನು ಗೊತ್ತಾ? ನ್ಯೂಯಾರ್ಕಿನ ಯಹೂದಿ ದುಡ್ಡಿಗೆ ಅಲಬಾಮಾದ ನ್ಯಾಯವನ್ನ ಕೊಳ್ಳೋಕಾಗಲ್ಲ ಅಂತ ತೋರಿಸಿಕೊಡಿ ಅಂತ. ಸಾಕ್ಷಿಯ ಬಗ್ಗೆ ಮಾತು ಮುಗಿದ ಮೇಲೆ ಉಳಿದಿದ್ದು ಅದೊಂದೇ. ಜ್ಯೂರಿ ಮತ್ತೆ ಮರಣದಂಡನೆ ಕೊಟ್ಟಿತು.

ಮೈಸೂರು_ರಾಯ
ಆದರೆ ಅದೇ ವಿಚಾರಣೆಯ ಜಡ್ಜ್ ಹಾರ್ಟನ್ ಆ ತೀರ್ಪನ್ನ ತಾವೇ ಪಕ್ಕಕ್ಕಿಟ್ಟರಲ್ಲ. ಅವರೂ ಅಲಬಾಮಾದವರೇ, ಬಿಳಿಯರೇ. ಅದಕ್ಕೇ ವ್ಯವಸ್ಥೆಯೊಳಗೂ ಮನುಷ್ಯರಿದ್ದರು ಅಂತ ನಾನು ಹೇಳ್ತಿರೋದು.

ಇತಿಹಾಸ_ದಾವಣಗೆರೆ
ಇದ್ದರು ಸರ್. ಆ ಮನುಷ್ಯನಿಗೆ ಆಮೇಲೆ ಏನಾಯಿತು ಅನ್ನೋದನ್ನೂ ಸೇರಿಸಿ. 1933ರ ಜೂನ್‌ನಲ್ಲಿ ತೀರ್ಪು ರದ್ದು ಮಾಡಿದರು, 1934ರ ಚುನಾವಣೆಯಲ್ಲಿ ಸೋತರು. ಅಲ್ಲಿ ಜಡ್ಜ್‌ಗಳನ್ನ ಜನ ಓಟು ಹಾಕಿ ಆರಿಸ್ತಾರೆ. ಅದೇ ವರ್ಷ, ಕೇಸು ನಡೆಸಿದ ಅಟಾರ್ನಿ ಜನರಲ್ ಥಾಮಸ್ ನೈಟ್ ಗೆದ್ದು ಲೆಫ್ಟಿನೆಂಟ್ ಗವರ್ನರ್ ಆದರು. ಆ ಊರಿನ ಮತದಾರರಿಗೆ ಏನು ಬೇಕಿತ್ತು ಅಂತ ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳೋಕೆ ಸಾಧ್ಯ? ಆ ಮತದಾರರ ಪಟ್ಟಿಯಲ್ಲೂ ಕಪ್ಪು ಜನರಿಗೆ ಜಾಗ ಇರಲಿಲ್ಲ ಅನ್ನೋದು ನೆನಪಿರಲಿ.

ಹಾರ್ಟನ್ ಆದಮೇಲೆ ಬಂದ ಜಡ್ಜ್ ಕ್ಯಾಲಹನ್, ಬಿಳಿ ಹೆಣ್ಣುಮಗಳು ಕಪ್ಪು ಗಂಡಸಿಗೆ ಒಪ್ಪಿಗೆ ಕೊಡೋದಿಲ್ಲ ಅಂತಲೇ ಭಾವಿಸಿಕೊಳ್ಳಬೇಕು ಅಂತ ಜ್ಯೂರಿಗೆ ಹೇಳಿಕೊಟ್ಟರು. ಜ್ಯೂರಿಗೆ ತೀರ್ಪಿನ ನಮೂನೆ ಕೊಡುವಾಗ ನಿರಪರಾಧಿ ಅಂತ ಬರೆಯೋ ನಮೂನೆ ಹೇಗಿರಬೇಕು ಅಂತ ಹೇಳೋದನ್ನೇ ಬಿಟ್ಟಿದ್ದರು, ಲೀಬೊವಿಟ್ಜ್ ಎದ್ದು ನೆನಪಿಸಬೇಕಾಯಿತು.

ಕಾರ್ಕಳದ_ಹುಡುಗ
ಅಯ್ಯೋ ದೇವರೇ.

ಸಂತೋಷ_ಕೆಆರ್‌ಪೇಟೆ
ನೀವೆಲ್ಲ ದೊಡ್ಡದೊಡ್ಡದು ಮಾತಾಡ್ತಾ ಇದೀರ, ನನ್ನದೊಂದು ಸಣ್ಣ ಮಾತು. ಇಬ್ಬರು ಹೆಣ್ಮಕ್ಕಳು ಸುಳ್ಳು ಹೇಳಿದ್ದಕ್ಕೆ ತಾನೆ ಇಷ್ಟೆಲ್ಲ ಆಗಿದ್ದು? ಅದನ್ನ ಯಾರೂ ಹೇಳ್ತಾನೇ ಇಲ್ಲ.

ಭಾಗ್ಯ_ಚಿಕ್ಕಮಗಳೂರು
ಸಂತೋಷ್ ಅವರೇ, ಹೇಳೋಣ. ಸುಳ್ಳು ಹೇಳಿದ್ದು ನಿಜ. ಆದರೆ ಆ ಸುಳ್ಳಿಗೆ ಬಲ ಬಂದಿದ್ದು ಎಲ್ಲಿಂದ ನೋಡಿ. ಇಬ್ಬರೂ ಹಂಟ್ಸ್‌ವಿಲ್ಲಿನ ಹತ್ತಿ ಗಿರಣಿಯ ಕೂಲಿ ಹೆಂಗಸರು. ಕದ್ದು ರೈಲು ಹತ್ತಿದ್ದಕ್ಕೆ, ಅಲೆಮಾರಿತನಕ್ಕೆ ತಾವೇ ಜೈಲಿಗೆ ಹೋಗಬಹುದಿತ್ತು. ಬಂದೂಕು ಹಿಡಿದ ಗುಂಪು ಎದುರಿಗೆ ನಿಂತಾಗ ಒಂದು ಮಾತು ಹೇಳಿದರೆ ಆರೋಪಿಗಳಿಂದ ಸಂತ್ರಸ್ತೆಯರಾಗಿಬಿಡ್ತಾರೆ. ಹೇಳಿದರು. ರೂಬಿ ಬೇಟ್ಸ್ ಮಾತು ಬದಲಿಸಿ ನಿಜ ಹೇಳಿದಾಗ ಅದೇ ಜನ ಅವಳನ್ನ ನಂಬಲಿಲ್ಲ. ಹೆಣ್ಣಿನ ಮಾತಿಗೆ ಬೆಲೆ ಇದ್ದಿದ್ದರೆ ಆ ಎರಡನೇ ಮಾತಿಗೂ ಬೆಲೆ ಇರಬೇಕಿತ್ತಲ್ವಾ?

ಇನ್ನೊಂದು ಕೇಳಿ. ಅದೇ ಅಲಬಾಮಾದ ಅಬ್ಬೆವಿಲ್‌ನಲ್ಲಿ 1944ರಲ್ಲಿ ರೀಸಿ ಟೇಲರ್ ಅನ್ನೋ ಕಪ್ಪು ಹೆಣ್ಣುಮಗಳು ಚರ್ಚಿನಿಂದ ಮನೆಗೆ ಬರ್ತಿದ್ದಾಗ ಬಿಳಿ ಯುವಕರು ಬಂದೂಕು ತೋರಿಸಿ ಕಾರಿಗೆ ಹಾಕಿಕೊಂಡು ಹೋಗಿ ಅತ್ಯಾಚಾರ ಮಾಡಿದರು. ಅವರಲ್ಲೊಬ್ಬ ಒಪ್ಪಿಕೊಂಡೂ ಇದ್ದ. ವಿಚಾರಣೆಗೆ ಮೊದಲು ಆರೋಪ ಹೊರಿಸಬೇಕೋ ಬೇಡವೋ ಅಂತ ತೀರ್ಮಾನಿಸೋ ಗ್ರ್ಯಾಂಡ್ ಜ್ಯೂರಿಗಳು ಎರಡು ಸಲವೂ ಕೇಸು ದಾಖಲಿಸೋಕೇ ಒಪ್ಪಲಿಲ್ಲ. ಆ ಕೇಸಿನ ವಿಚಾರ ತಿಳಿಯೋಕೆ ಊರಿಗೆ ಹೋದವರು ರೋಸಾ ಪಾರ್ಕ್ಸ್, ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡಲ್ಲ ಅಂದ ಆ ಘಟನೆಗೆ ಹತ್ತು ವರ್ಷ ಮೊದಲೇ. ಅಲಬಾಮಾ ಶಾಸಕಾಂಗ ಕ್ಷಮೆ ಕೇಳಿದ್ದು 2011ರಲ್ಲಿ.

ಅಮೆರಿಕದಲ್ಲಿ 1930ರಿಂದ ಈಚೆಗೆ ಅತ್ಯಾಚಾರದ ಅಪರಾಧಕ್ಕೆ ಸಾಯಿಸಿದ್ದು 455 ಜನರನ್ನ. ಅದರಲ್ಲಿ 405 ಜನ ಕಪ್ಪು ಗಂಡಸರು. ಹೆಣ್ಣುಮಕ್ಕಳ ರಕ್ಷಣೆಗೆ ಅಂತ ಇದ್ದ ಕಾನೂನು ಆಗಿದ್ದರೆ ರೀಸಿ ಟೇಲರ್‌ಗೂ ಅದು ಸಿಗ್ತಿತ್ತು.

ಸಂತೋಷ_ಕೆಆರ್‌ಪೇಟೆ
ಅಕ್ಕ, ಆ 405ರ ಲೆಕ್ಕ ನೋಡಿ ಮಾತೇ ಬರ್ತಿಲ್ಲ. ರೀಸಿ ಟೇಲರ್ ಬಗ್ಗೆ ಓದ್ತೀನಿ.

ಶ್ರೀದೇವಿ_ಹಂಟ್ಸ್‌ವಿಲ್
ನಮಸ್ಕಾರ, ನಾನು ಹಾಸನದ ಕಡೆಯವಳು, ಈಗ ಇರೋದು ಇದೇ ಹಂಟ್ಸ್‌ವಿಲ್‌ನಲ್ಲಿ. ಇಲ್ಲಿ ಕನ್ನಡದವರು ಸಾಕಷ್ಟು ಜನ ಇದ್ದೀವಿ, ಹೆಚ್ಚಿನವರು ಇಂಜಿನಿಯರುಗಳು. ಹೈವೇ 72 ಹಿಡಿದು ಪೂರ್ವಕ್ಕೆ ಹೋದರೆ ಮೊದಲು ಪೇಂಟ್ ರಾಕ್, ಆಮೇಲೆ ಸ್ಕಾಟ್ಸ್‌ಬರೋ. ಪೇಂಟ್ ರಾಕ್ ಎಷ್ಟು ಚಿಕ್ಕ ಊರು ಅಂದ್ರೆ ಗಮನ ಇಲ್ಲದಿದ್ದರೆ ದಾಟಿದ್ದೇ ಗೊತ್ತಾಗಲ್ಲ. ಸ್ಕಾಟ್ಸ್‌ಬರೋದಲ್ಲಿ 2010ರಿಂದ ಈ ಹುಡುಗರ ಹೆಸರಿನ ಮ್ಯೂಸಿಯಂ ಇದೆ, ಕಪ್ಪು ಸಮುದಾಯದ ಒಂದು ಹಳೇ ಚರ್ಚ್ ಕಟ್ಟಡದಲ್ಲಿ. ಶೀಲಾ ವಾಷಿಂಗ್ಟನ್ ಅನ್ನೋ ಅದೇ ಊರಿನ ಹೆಣ್ಣುಮಗಳು ವರ್ಷಗಟ್ಟಲೆ ಹಟ ಹಿಡಿದು ಅದನ್ನ ಮಾಡಿಸಿದರು. 2013ರ ಮರಣೋತ್ತರ ಕ್ಷಮಾದಾನದ ಹಿಂದೆಯೂ ಅವರಿದ್ದರು.

ಜ್ಯೂರಿ ಬಗ್ಗೆ ಒಂದು ಮಾತು. ಸಿಟಿಜನ್ ಆದಮೇಲೆ ನನಗೂ ಜ್ಯೂರಿ ಕರೆ ಬಂತು. ದೊಡ್ಡ ಹಾಲ್‌ನಲ್ಲಿ ಕೂರಿಸಿ ಎರಡೂ ಕಡೆ ವಕೀಲರು ಪ್ರಶ್ನೆ ಕೇಳ್ತಾರೆ. ಕೇಳಿ ಆದಮೇಲೆ ಕಾರಣ ಹೇಳದೆಯೇ ಇಂತಿಷ್ಟು ಜನರನ್ನ ತೆಗೆದುಹಾಕೋ ಹಕ್ಕು ಇಬ್ಬರಿಗೂ ಇದೆ. ನನ್ನ ಪಕ್ಕ ಕೂತಿದ್ದ ವಯಸ್ಸಾದ ಕಪ್ಪು ಮಹಿಳೆ, ನಿವೃತ್ತ ಟೀಚರ್, ನನ್ನ ಕಿವಿಯಲ್ಲಿ ಹೇಳಿದ್ದರು: ನೋಡ್ತಿರು, ನನ್ನನ್ನ ಇಟ್ಕೊಳ್ಳಲ್ಲ. ಹಾಗೇ ಆಯಿತು. ಯಾರು ಯಾಕೆ ತೆಗೆದರು ಅಂತ ನನಗೆ ಗೊತ್ತಾಗೋ ಹಾಗಿರಲಿಲ್ಲ. ಆದರೆ ಅವರು ಬೇಜಾರಿಲ್ಲದೆ, ಅಭ್ಯಾಸ ಆದವರ ಹಾಗೆ ಚೀಲ ಎತ್ಕೊಂಡು ಹೊರಟಿದ್ದು ನನಗೆ ಇವತ್ತಿಗೂ ತಡೆಯೋಕಾಗ್ತಿಲ್ಲ.

ವಕೀಲ_ಶಿವಮೊಗ್ಗ
ಶ್ರೀದೇವಿ ಮೇಡಂ ಹೇಳಿದ್ದು ಸರಿಯಾಗಿ ಪ್ರಶ್ನೆಯ ನಡುಮಧ್ಯಕ್ಕೇ ಬಂತು. 1935ರ ನಾರಿಸ್ ಕೇಸಿನಲ್ಲಿ ಜಾಕ್ಸನ್ ಕೌಂಟಿಯ ಜ್ಯೂರಿ ಪಟ್ಟಿ ಪುಸ್ತಕವನ್ನ ವಾಷಿಂಗ್ಟನ್‌ಗೆ ತಂದಿದ್ದರು. ಅದರಲ್ಲಿ ಕಪ್ಪು ಜನರ ಹೆಸರೂ ಇದೆ ನೋಡಿ ಅಂತ ಅಲಬಾಮಾದವರ ವಾದ. ಲೀಬೊವಿಟ್ಜ್ ಭೂತಗನ್ನಡಿ ಕೊಟ್ಟರು. ನ್ಯಾಯಮೂರ್ತಿಗಳು ಒಬ್ಬೊಬ್ಬರಾಗಿ ನೋಡಿದರು. ಪುಟದ ಕೊನೆಗೆ ಎಳೆದಿದ್ದ ಕೆಂಪು ಗೆರೆಯ ಮೇಲೇ ಆ ಹೆಸರುಗಳನ್ನ ಆಮೇಲೆ ತುರುಕಿದ್ದರು.

ಅದಾದಮೇಲೆ ಏನು ಮಾಡಿದರು? ಹೊಸ ಗ್ರ್ಯಾಂಡ್ ಜ್ಯೂರಿಗೆ ಒಬ್ಬ ಕಪ್ಪು ಮನುಷ್ಯನನ್ನ ಸೇರಿಸಿಕೊಂಡರು. ಒಬ್ಬರು ಅವರು, 13 ಜನ ಬಿಳಿಯರು, ಮೂರನೇ ಎರಡು ಭಾಗ ಒಪ್ಪಿದರೆ ಸಾಕು. ಅದೇ ಆರೋಪಪಟ್ಟಿ ಮತ್ತೆ ಬಂತು. ಪಟ್ಟಿಯಲ್ಲಿ ಕಪ್ಪು ಜನರ ಹೆಸರು ಬಂದ ಮೇಲೆ ಅವರು ಜ್ಯೂರಿಯಲ್ಲಿ ಕೂರದ ಹಾಗೆ ತೆಗೆಯೋದನ್ನ ಕಲಿತರು. ಬಣ್ಣ ನೋಡಿ ತೆಗೀಬಾರದು ಅಂತ ಬ್ಯಾಟ್ಸನ್ ಕೇಸಿನಲ್ಲಿ ಹೇಳೋಕೆ 1986 ಬೇಕಾಯಿತು. ಅಷ್ಟಾದರೂ ಮಿಸಿಸಿಪ್ಪಿಯ ಕರ್ಟಿಸ್ ಫ್ಲವರ್ಸ್ ಕೇಸು ನೋಡಿ: ಒಂದೇ ಕೊಲೆ ಆರೋಪಕ್ಕೆ ಆರು ವಿಚಾರಣೆ, ಒಬ್ಬರೇ ಪ್ರಾಸಿಕ್ಯೂಟರ್. ಆರೂ ಸೇರಿ, ತೆಗೆಯಲು ಅವಕಾಶವಿದ್ದ 42 ಕಪ್ಪು ಜ್ಯೂರಿಗಳಲ್ಲಿ 41 ಜನರನ್ನ ತೆಗೆದಿದ್ದರು. ಸುಪ್ರೀಂ ಕೋರ್ಟ್ ಶಿಕ್ಷೆ ರದ್ದು ಮಾಡಿದ್ದು 2019ರಲ್ಲಿ, ಆರೋಪ ಕೈಬಿಟ್ಟಿದ್ದು 2020ರಲ್ಲಿ. ಅಷ್ಟರಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಒಳಗಿದ್ದರು.

ಓದುಗರ ಪ್ರಶ್ನೆಗೆ ನನ್ನ ಉತ್ತರ ಇದು. ಮೇಲಿನ ಕೋರ್ಟು ನಿಯಮ ಸರಿ ಮಾಡಬಲ್ಲದು. ಆ ನಿಯಮವನ್ನ ಕೆಳಗೆ ಕೈಯಲ್ಲಿ ಹಿಡಿಯೋ ಹನ್ನೆರಡು ಜನರನ್ನ ಯಾರು ಆರಿಸ್ತಾರೆ ಅನ್ನೋದು ಬದಲಾಗೋವರೆಗೆ ಉಪಯೋಗ ಇಲ್ಲ.

ಪ್ರಕಾಶ_ಬೆಂಗಳೂರು
ಪುಣ್ಯಕ್ಕೆ ನಮ್ಮಲ್ಲಿ ಜ್ಯೂರಿ ಇಲ್ಲ. 1959ರ ನಾನಾವತಿ ಕೇಸಿಗೇ ಮುಗೀತು.

ವಕೀಲ_ಶಿವಮೊಗ್ಗ
ಪ್ರಕಾಶ್, ಎಲ್ಲರೂ ಹೀಗೇ ಹೇಳ್ತಾರೆ, ಅದು ಸರಿಯಲ್ಲ. ನಾನಾವತಿ ಆದಮೇಲೂ ಕೆಲವು ಕಡೆ ಜ್ಯೂರಿ ವಿಚಾರಣೆ ನಡೀತಿತ್ತು. ಪೂರ್ತಿ ಹೋಗಿದ್ದು 1973ರ ದಂಡ ಪ್ರಕ್ರಿಯಾ ಸಂಹಿತೆ ಬಂದಮೇಲೆ.

ಇತಿಹಾಸ_ದಾವಣಗೆರೆ
ಮತ್ತೆ ನಮ್ಮ ಜ್ಯೂರಿಯ ಹಿಂದೆಯೂ ಬಣ್ಣದ ಕಥೆ ಇದೆ. ಬ್ರಿಟಿಷರ ಕಾಲದಲ್ಲಿ ಬಿಳಿ ಆರೋಪಿಯನ್ನ ಭಾರತೀಯ ಜಡ್ಜ್ ವಿಚಾರಣೆ ಮಾಡಬಹುದು ಅಂತ 1883ರಲ್ಲಿ ಇಲ್ಬರ್ಟ್ ಮಸೂದೆ ತಂದಾಗ ಇಲ್ಲಿದ್ದ ಯುರೋಪಿಯನ್ನರು ದೊಡ್ಡ ಗಲಾಟೆ ಎಬ್ಬಿಸಿದರು. ಕೊನೆಗೆ ಆದ ರಾಜಿ ಏನು? ಬಿಳಿ ಆರೋಪಿ ಕೇಳಿದರೆ ಜ್ಯೂರಿಯಲ್ಲಿ ಕನಿಷ್ಠ ಅರ್ಧ ಜನ ಯುರೋಪಿಯನ್ನರೋ ಅಮೆರಿಕನ್ನರೋ ಇರಬೇಕು.

ಅದಕ್ಕೂ ಮೊದಲು 1876ರ ಫುಲ್ಲರ್ ಕೇಸು. ಆಗ್ರಾದಲ್ಲಿ ಫುಲ್ಲರ್ ಅನ್ನೋ ಇಂಗ್ಲಿಷ್ ವಕೀಲ, ಗಾಡಿ ತರೋದು ತಡ ಆಯಿತು ಅಂತ ತನ್ನ ಕುದುರೆಯಾಳನ್ನ ಹೊಡೆದ. ಆಳು ಸತ್ತ. ಮ್ಯಾಜಿಸ್ಟ್ರೇಟ್ ಹಾಕಿದ ದಂಡ 30 ರೂಪಾಯಿ. ಆಳಿಗೆ ಮೊದಲೇ ಗುಲ್ಮ ಊದಿಕೊಂಡಿತ್ತು, ಅದು ಒಡೆದು ಸತ್ತ ಅನ್ನೋದು ಆ ಕಾಲದ ಮಾಮೂಲಿ ಸಮಜಾಯಿಷಿ. ವೈಸರಾಯ್ ಲಿಟ್ಟನ್‌ಗೇ ಇದು ಅತಿಯಾಯಿತು ಅನ್ನಿಸಿ ಖಂಡಿಸಿ ಬರೆದ, ಅದಕ್ಕೆ ಇಲ್ಲಿದ್ದ ಇಂಗ್ಲಿಷ್ ಪತ್ರಿಕೆಗಳು ಅವನ ಮೇಲೇ ತಿರುಗಿ ಬಿದ್ದವು.

ಹುಬ್ಬಳ್ಳಿ_ಮಂದಿ
ನಾನೂ ಒಂದ್ ಮಾತ್ ಹೇಳ್ತೇನ್ರಿ. ನಮ್ಮ ಹುಬ್ಬಳ್ಯಾಗ ಸೆಟ್ಲಮೆಂಟ್ ಅಂತ ಒಂದು ಏರಿಯಾ ಐತಿ, ಗದಗಿನ್ಯಾಗೂ ಐತಿ. ಇವತ್ತಿನ ಹುಡುಗರಿಗೆ ಅದು ಬರೇ ಏರಿಯಾದ ಹೆಸರು. 1871ರಾಗ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ಅಂತ ಮಾಡಿದ್ರು. ಆಮ್ಯಾಲ ಅದನ್ನ ನಮ್ಮ ಕಡೀಗೂ ತಂದ್ರು. ಇಂಥಾ ಜಾತ್ಯಾಗ ಹುಟ್ಟಿದಾಂವ ಹುಟ್ಟಾ ಕಳ್ಳ ಅಂತ ಸರ್ಕಾರನ ಬರಕೊಂಡಿತ್ತು. ಕೊರವರು, ಗಂಟಿಚೋರರು ಇಂಥವರನ್ನ ಹಿಡದು ಸೆಟ್ಲಮೆಂಟಿನ್ಯಾಗ ಇಡತಿದ್ರು. ದಿನಾ ಹಾಜರಿ ಹಾಕಬೇಕು, ಊರ ಹೊರಗ ಹೋಗಾಕ ಪಾಸ್ ಬೇಕು. ವಿಚಾರಣೆನ ಇಲ್ಲ, ಶಿಕ್ಷೆ ಮೊದಲ. ಕಾಯ್ದೆ ಹೋಗಿದ್ದು 1952ರ ಆಗಸ್ಟ್ 31ಕ್ಕ.

ನಮ್ಮ ಅಜ್ಜಿ ಹೇಳ್ತಿದ್ಲು, ಊರಾಗ ಎಲ್ಲೆ ಕಳವಾದ್ರೂ ಮೊದಲು ಪೊಲೀಸ್ರು ಬರೋದು ಸೆಟ್ಲಮೆಂಟಿಗೇ ಅಂತ. ಸ್ಕಾಟ್ಸ್‌ಬರೋ ಓದಿದಾಗ ನನಗ ನೆನಪಾಗಿದ್ದು ಅದ. ಒಂದ್ ರೈಲಿನ್ಯಾಗ ಬ್ಯಾರೆಬ್ಯಾರೆ ಡಬ್ಬಿಯೊಳಗ ಕುಂತಿದ್ದ ಒಂಬತ್ತು ಹುಡುಗರು, ಅದರಾಗ ಭಾಳ ಮಂದಿಗೆ ಒಬ್ಬರಿಗೊಬ್ಬರು ಪರಿಚಯನೂ ಇರಲಿಲ್ಲ. ಒಂದ ಗ್ಯಾಂಗ್ ಅಂತ ಕಟ್ಟಿದ್ರು.

ಪ್ರಕಾಶ_ಬೆಂಗಳೂರು
ಅಣ್ಣ, ಅದು ಬೇರೆ ವಿಷಯ ಅಲ್ವಾ? ಇಲ್ಲಿ ಜನಾಂಗದ ಮಾತು ನಡೀತಿದೆ, ಜಾತಿ ತಂದು ಸೇರಿಸಿದರೆ ಎಳೆ ತಪ್ಪುತ್ತೆ.

ಹುಬ್ಬಳ್ಳಿ_ಮಂದಿ
ಎಳಿ ತಪ್ಪೂದಿಲ್ರಿ. ಹುಟ್ಟಿನ ಮ್ಯಾಲ ಅಪರಾಧ ಹೊರಸೂದು ಎರಡೂ ಕಡೆ ಒಂದ ಐತಿ. ಕಾಯ್ದೆ ಬರದಾವ್ರು ನಿಮ್ಮ ಫುಲ್ಲರನ ಕಾಲದ ಬಿಳಿ ಸಾಹೇಬ್ರ ಅಲ್ಲೇನು?

ವಕೀಲ_ಶಿವಮೊಗ್ಗ
ನಾನು ಹುಬ್ಬಳ್ಳಿಯವರ ಪರ. 2019ರ ಮಾರ್ಚ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಮಹಾರಾಷ್ಟ್ರದ ಆರು ಜನರನ್ನ ಬಿಡುಗಡೆ ಮಾಡ್ತು. ಅಲೆಮಾರಿ ಬುಡಕಟ್ಟಿನವರು. ಹತ್ತು ವರ್ಷ ಹಿಂದೆ 2009ರಲ್ಲಿ ಅದೇ ಕೋರ್ಟ್ ಅವರಿಗೆ ಮರಣದಂಡನೆ ಖಾಯಂ ಮಾಡಿತ್ತು. ಘಟನೆ ಕಂಡ ಸಾಕ್ಷಿ ಪೊಲೀಸರ ಫೋಟೋಗಳಲ್ಲಿ ಬೇರೆಯವರನ್ನ ಗುರುತಿಸಿದ್ದರು ಅನ್ನೋದನ್ನೇ ತನಿಖೆಯಲ್ಲಿ ಪಕ್ಕಕ್ಕೆ ತಳ್ಳಿದ್ದರು. ಒಬ್ಬೊಬ್ಬರಿಗೆ 5 ಲಕ್ಷ ಪರಿಹಾರ ಕೊಡಿ ಅಂತ ಆದೇಶ ಆಯಿತು. ಹದಿನಾರು ವರ್ಷ ಜೈಲು. ಜ್ಯೂರಿ ಇಲ್ಲದೆಯೂ ಇದು ಆಗುತ್ತೆ ಪ್ರಕಾಶ್, ನೆಮ್ಮದಿಯಾಗಿ ಇರಬೇಡಿ.

ಮೈಸೂರು_ರಾಯ
ಸ್ಕಾಟ್ಸ್‌ಬರೋಗೆ ವಾಪಸ್ ಬರೋಣ. ಕಮ್ಯುನಿಸ್ಟರು ಈ ಹುಡುಗರನ್ನ ತಮ್ಮ ಪ್ರಚಾರಕ್ಕೆ ಬಳಸಿಕೊಂಡರು ಅನ್ನೋ ಮಾತಿಗೆ ಯಾರೂ ಬಂದಿಲ್ಲ. ಇಂಟರ್‌ನ್ಯಾಷನಲ್ ಲೇಬರ್ ಡಿಫೆನ್ಸ್ ಅನ್ನೋದು ಅವರದೇ ಸಂಸ್ಥೆ. ಕಪ್ಪು ಜನರ ಹಕ್ಕಿಗಾಗಿ ಇದ್ದ ಎನ್‌ಎಎಸಿಪಿ ಅನ್ನೋ ಸಂಘದ ಜೊತೆ ಕೇಸು ಯಾರದು ಅಂತ ಜಗಳ ಆಡಿಕೊಂಡರು. ಆ ಗದ್ದಲದಿಂದಲೇ ಅಲಬಾಮಾದವರು ಇನ್ನಷ್ಟು ಹಠಕ್ಕೆ ಬಿದ್ದರು.

ಭಾಗ್ಯ_ಚಿಕ್ಕಮಗಳೂರು
ಬಳಸಿಕೊಂಡಿರಬಹುದು. ಆದರೆ ಎನ್‌ಎಎಸಿಪಿ ಇನ್ನೂ ಯೋಚನೆ ಮಾಡ್ತಿದ್ದಾಗ ಮೊದಲು ಜೈಲಿಗೆ ಹೋಗಿ ಹುಡುಗರನ್ನ, ಅವರ ತಾಯಂದಿರನ್ನ ಮಾತಾಡಿಸಿದವರು ಅವರೇ. ತಾಯಂದಿರು ಅವರನ್ನ ಆರಿಸಿಕೊಂಡರು. ಗದ್ದಲ ಇಲ್ಲದಿದ್ದರೆ ಏನಾಗ್ತಿತ್ತು ಅನ್ನೋದಕ್ಕೆ ಜಾರ್ಜ್ ಸ್ಟಿನ್ನಿಯ ಕೇಸು ಇದೆಯಲ್ಲ.

ಕಾರ್ಕಳದ_ಹುಡುಗ
ಯಾರವನು ಅಕ್ಕ?

ಭಾಗ್ಯ_ಚಿಕ್ಕಮಗಳೂರು
ದಕ್ಷಿಣ ಕೆರೊಲಿನಾದ ಆಲ್ಕೋಲು ಅನ್ನೋ ಮರದ ಮಿಲ್ಲಿನ ಊರು. 14 ವರ್ಷದ ಹುಡುಗ. 1944ರ ಮಾರ್ಚ್‌ನಲ್ಲಿ ಇಬ್ಬರು ಬಿಳಿ ಹೆಣ್ಣುಮಕ್ಕಳು ಕೊಲೆಯಾದರು. ಅವರು ಹೂವು ಹುಡುಕ್ತಾ ಬಂದು ತನ್ನನ್ನ ಮಾತಾಡಿಸಿದ್ದರು ಅಂತ ಸ್ಟಿನ್ನಿ ಹೇಳಿದ್ದೇ ಇವನನ್ನ ಹಿಡಿಯೋಕೆ ಸಾಕಾಯಿತು. ಅಪ್ಪ ಅಮ್ಮನನ್ನ ಹತ್ತಿರ ಬಿಡದೆ ವಿಚಾರಿಸಿದರು. ಒಪ್ಪಿಕೊಂಡ ಅಂದರು, ಅವನ ಸಹಿ ಇರೋ ಹೇಳಿಕೆ ಒಂದೂ ಇಲ್ಲ. ಅಪ್ಪನನ್ನ ಮಿಲ್ಲಿನ ಕೆಲಸದಿಂದ ತೆಗೆದರು, ಕುಟುಂಬ ಊರು ಬಿಟ್ಟು ಓಡಬೇಕಾಯಿತು. ಏಪ್ರಿಲ್ 24ಕ್ಕೆ ವಿಚಾರಣೆ, ಒಂದೇ ದಿನ. ಬಿಳಿಯರ ಜ್ಯೂರಿ ಹತ್ತು ನಿಮಿಷದಲ್ಲಿ ತೀರ್ಪು ಕೊಟ್ಟಿತು. ಕೋರ್ಟ್ ಕೊಟ್ಟ ವಕೀಲರು ಅಪೀಲು ಹಾಕಲೇ ಇಲ್ಲ. ಜೂನ್ 16ಕ್ಕೆ ಸಾಯಿಸಿದರು. ಬಂಧನದಿಂದ ಸಾವಿನವರೆಗೆ ಮೂರು ತಿಂಗಳೂ ಆಗಿರಲಿಲ್ಲ. ದೊಡ್ಡವರ ಅಳತೆಗೆ ಮಾಡಿದ ವಿದ್ಯುತ್ ಕುರ್ಚಿಗೆ ಆ ಮಗುವಿನ ಮೈ ಸಾಲ್ತಿರಲಿಲ್ಲ.

ಸಂತೋಷ_ಕೆಆರ್‌ಪೇಟೆ
ಆಮೇಲೆ ನಿರಪರಾಧಿ ಅಂತ ಆಯ್ತಾ?

ವಕೀಲ_ಶಿವಮೊಗ್ಗ
2014ರ ಡಿಸೆಂಬರ್‌ನಲ್ಲಿ ಜಡ್ಜ್ ಕಾರ್ಮೆನ್ ಮುಲ್ಲೆನ್ ಶಿಕ್ಷೆ ರದ್ದು ಮಾಡಿದರು. ಆದರೆ ಅವನು ಕೊಲೆ ಮಾಡಿಲ್ಲ ಅಂತ ಅವರು ತೀರ್ಪು ಕೊಟ್ಟಿದ್ದಲ್ಲ, ನ್ಯಾಯಯುತ ವಿಚಾರಣೆ ಅಂತ ಕರೆಯೋಕೆ ಬೇಕಾದ್ದು ಯಾವುದೂ ಅವನಿಗೆ ಸಿಗಲಿಲ್ಲ ಅಂತ. ಸುದ್ದಿಯಲ್ಲಿ ಎರಡನ್ನೂ ಕಲಸಿ ಬರೀತಾರೆ. ಆಗ ಅವನ ಅಣ್ಣತಮ್ಮ, ಅಕ್ಕತಂಗಿಯರು ಮುದುಕರಾಗಿ ಬಂದು ಆ ದಿನ ಅವನು ನಮ್ಮ ಜೊತೆಗೇ ಇದ್ದ ಅಂತ ಹೇಳಿದರು. 1944ರಲ್ಲಿ ಅವರನ್ನ ಯಾರೂ ಕೇಳಿರಲಿಲ್ಲ.

ಮೈಸೂರು_ರಾಯ
ಸ್ಟಿನ್ನಿ ಕೇಸಿನ ಮುಂದೆ ನಾನು ವ್ಯವಸ್ಥೆಯ ಪರ ವಾದ ಮಾಡಲ್ಲ. ಆದರೆ ಸ್ಕಾಟ್ಸ್‌ಬರೋದಲ್ಲಿ 1937ರಲ್ಲಿ ನಾಲ್ವರನ್ನ ಬಿಟ್ಟರಲ್ಲ, ಅದು ಹೇಗೆ ಸಾಧ್ಯ ಆಯಿತು?

ಇತಿಹಾಸ_ದಾವಣಗೆರೆ
ಅದೇ ನನಗೆ ಈ ಇಡೀ ಕಥೆಯಲ್ಲಿ ಸಹಿಸೋಕೆ ಆಗದ ಭಾಗ ರಾಯರೇ. 1937ರ ಜುಲೈನಲ್ಲಿ ರಾಬರ್ಸನ್, ಮಾಂಟ್ಗೊಮೆರಿ, ಯೂಜೀನ್ ವಿಲಿಯಮ್ಸ್, ರಾಯ್ ರೈಟ್ ಇವರ ಮೇಲಿನ ಆರೋಪ ಕೈಬಿಟ್ಟರು. ಒಬ್ಬನಿಗೆ ಕಾಯಿಲೆ, ಒಬ್ಬನಿಗೆ ಕಣ್ಣಿಲ್ಲ, ಇಬ್ಬರು ಆಗ ತೀರಾ ಚಿಕ್ಕವರು ಅಂತ ಕಾರಣ. ಅದೇ ದಿನಗಳಲ್ಲಿ ಆಂಡಿ ರೈಟ್‌ಗೆ 99 ವರ್ಷ, ಚಾರ್ಲಿ ವೀಮ್ಸ್‌ಗೆ 75 ವರ್ಷ, ನಾರಿಸ್‌ಗೆ ಮರಣದಂಡನೆ. ಅದೇ ರೈಲು, ಅದೇ ಪ್ರೈಸ್, ಅದೇ ಸಾಕ್ಷಿ. ರಾಯ್ ಮತ್ತು ಆಂಡಿ ಒಡಹುಟ್ಟಿದವರು. ತಮ್ಮ ಹೊರಗೆ, ಅಣ್ಣ ಒಳಗೆ.

ಒಂಬತ್ತೂ ಜನರ ಮೇಲೆ ಒಂದೇ ಬಾಯಿ ಸುಳ್ಳು ಹೇಳಿದೆ ಅಂತ ಸರ್ಕಾರಕ್ಕೆ ಗೊತ್ತಿರದೆ ನಾಲ್ವರನ್ನ ಬಿಡೋಕೆ ಆಗ್ತಿರಲಿಲ್ಲ. ಗೊತ್ತಿದ್ದೇ ಉಳಿದವರನ್ನ ಇಟ್ಟುಕೊಂಡರು. ಪೂರ್ತಿ ಬಿಟ್ಟರೆ ಆರು ವರ್ಷ ಮಾಡಿದ್ದೆಲ್ಲ ಸುಳ್ಳು ಅಂತ ಒಪ್ಪಬೇಕಿತ್ತು, ಪೂರ್ತಿ ಇಟ್ಟುಕೊಂಡರೆ ಹೊರಗಿನವರ ಒತ್ತಡ. ಐದು ಜನರ ಆಯುಷ್ಯ ಕೊಟ್ಟು ಸರ್ಕಾರ ತನ್ನ ಮಾನ ಉಳಿಸಿಕೊಳ್ತು.

ಓದುಗ_ತುಮಕೂರು
ಐದನೆಯವನು ಓಜಿ ಪೊವೆಲ್ ಅಲ್ವಾ? ಅವನ ಮೇಲೆ ಅತ್ಯಾಚಾರದ ಆರೋಪ ಬಿಟ್ಟರು ಅಂತ ಓದಿದ ನೆನಪು.

ಇತಿಹಾಸ_ದಾವಣಗೆರೆ
ಹೌದು. 1936ರ ಜನವರಿಯಲ್ಲಿ ಕೋರ್ಟಿನಿಂದ ವಾಪಸ್ ಕರ್ಕೊಂಡು ಹೋಗ್ತಿದ್ದಾಗ ಕಾರಿನಲ್ಲಿ ಜಗಳ ಆಗಿ ಅವನು ಡೆಪ್ಯುಟಿಯ ಕುತ್ತಿಗೆಗೆ ಚಾಕು ಹಾಕಿದ, ಷೆರಿಫ್ ಅವನ ತಲೆಗೆ ಗುಂಡು ಹೊಡೆದ. ಬದುಕಿದ, ಆದರೆ ಮೆದುಳಿಗೆ ಪೆಟ್ಟಾಗಿತ್ತು. 1937ರಲ್ಲಿ ಅತ್ಯಾಚಾರದ ಆರೋಪ ಬಿಟ್ಟು ಆ ಹಲ್ಲೆಗೆ 20 ವರ್ಷ ಕೊಟ್ಟರು. ಮಾಡದ ತಪ್ಪಿಗೆ ಐದು ವರ್ಷ ಕೂಡಿಹಾಕಿದ್ದು ಲೆಕ್ಕಕ್ಕೇ ಬರಲಿಲ್ಲ.

ಶ್ರೀದೇವಿ_ಹಂಟ್ಸ್‌ವಿಲ್
ಉಳಿದವರದ್ದೂ ಹೇಳಿಬಿಡ್ತೀನಿ. ಪ್ಯಾಟರ್ಸನ್ 1948ರಲ್ಲಿ ಜೈಲಿನ ಹೊಲದಿಂದ ತಪ್ಪಿಸಿಕೊಂಡು ಡೆಟ್ರಾಯಿಟ್ ಸೇರಿದ. ಅಲಬಾಮಾ ಕೇಳಿದಾಗ ಮಿಷಿಗನ್ ಗವರ್ನರ್ ವಾಪಸ್ ಕಳಿಸಲ್ಲ ಅಂದರು. ಆದರೂ ನೆಮ್ಮದಿ ಸಿಗಲಿಲ್ಲ, ಇನ್ನೊಂದು ಕೇಸಿನಲ್ಲಿ ಜೈಲಿಗೆ ಹೋಗಿ 1952ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ. ನಾರಿಸ್‌ಗೆ ಮರಣದಂಡನೆ ಜೀವಾವಧಿ ಆಯಿತು, 1946ರಲ್ಲಿ ಪೆರೋಲ್ ಮೇಲೆ ಬಂದವನು ಉತ್ತರಕ್ಕೆ ಓಡಿಹೋಗಿ ತಮ್ಮನ ಹೆಸರಿಟ್ಟುಕೊಂಡು ಮೂವತ್ತು ವರ್ಷ ಬದುಕಿದ. 1976ರಲ್ಲಿ ಕ್ಷಮಾದಾನಕ್ಕೆ ಸಹಿ ಹಾಕಿದ್ದು ಗವರ್ನರ್ ಜಾರ್ಜ್ ವ್ಯಾಲೆಸ್. ಹೌದು, ವರ್ಣಭೇದ ಎಂದೆಂದಿಗೂ ಇರಲಿ ಅಂದ ಅದೇ ವ್ಯಾಲೆಸ್. ನಾರಿಸ್ ಪರಿಹಾರ ಕೇಳಿದ, ಕೊಡಲಿಲ್ಲ. 1989ರಲ್ಲಿ ತೀರಿಕೊಂಡ.

ಕಾರ್ಕಳದ_ಹುಡುಗ
2013ರಲ್ಲಿ ಕ್ಷಮಾದಾನ ಕೊಟ್ಟಿದ್ದು ಮೂವರಿಗೆ ಮಾತ್ರ ಅಂತೆ, ಯಾಕೆ? ಒಂಬತ್ತು ಜನ ಅಲ್ವಾ?

ವಕೀಲ_ಶಿವಮೊಗ್ಗ
ಕ್ಷಮಾದಾನ ಕೊಡಬೇಕಾದರೆ ಶಿಕ್ಷೆ ದಾಖಲೆಯಲ್ಲಿ ಉಳಿದಿರಬೇಕು. ನಾಲ್ವರ ಮೇಲೂ ಪೊವೆಲ್ ಮೇಲೂ ಅತ್ಯಾಚಾರದ ಆರೋಪ 1937ರಲ್ಲೇ ಬಿಟ್ಟಿದ್ದರು, ನಾರಿಸ್‌ದು 1976ರಲ್ಲಿ ಆಗಿತ್ತು. ಉಳಿದವರು ಪ್ಯಾಟರ್ಸನ್, ವೀಮ್ಸ್, ಆಂಡಿ ರೈಟ್. ಸತ್ತವರಿಗೆ ಕ್ಷಮಾದಾನ ಕೊಡೋ ಅವಕಾಶವೇ ಅಲಬಾಮಾ ಕಾನೂನಿನಲ್ಲಿ ಇರಲಿಲ್ಲ. ಅದಕ್ಕೆ ಏಪ್ರಿಲ್‌ನಲ್ಲಿ ಹೊಸ ಕಾಯ್ದೆ ಮಾಡಿ, ನವೆಂಬರ್ 21ಕ್ಕೆ ಕೊಟ್ಟರು.

ಮೈಸೂರು_ರಾಯ
1937ರ ಭಾಗ ನನಗೆ ಗೊತ್ತಿರಲಿಲ್ಲ. ಓದುಗರೇ, ಹುಡುಗರ ಮುಂದೆ ಅದನ್ನೇ ಇಡಿ. ಸರ್ಕಾರಿ ವಕೀಲರಾಗಿ ನಿಂತು ನಾಲ್ವರನ್ನ ಬಿಟ್ಟು ವೀಮ್ಸ್‌ನನ್ನ ಇಟ್ಟುಕೊಂಡಿದ್ದಕ್ಕೆ ಕಾರಣ ಕೊಡಿ ಅಂತ ಒಬ್ಬರನ್ನ ಕೇಳಿ. ಕೊಡೋಕಾಗುತ್ತಾ ನೋಡೋಣ.

ಓದುಗ_ತುಮಕೂರು
ಹಾಗೇ ಮಾಡ್ತೀನಿ ಸರ್. ಜ್ಯೂರಿ ಪಟ್ಟಿಯ ಕೆಂಪು ಗೆರೆ, ಹಾರ್ಟನ್ ಸೋತ ಚುನಾವಣೆ, 1937ರ ಜುಲೈ, ಈ ಮೂರನ್ನೇ ಹಿಡ್ಕೊಂಡು ಮಾತಾಡ್ತೀವಿ. ಹುಬ್ಬಳ್ಳಿಯವರೇ, ಸೆಟ್ಲಮೆಂಟ್ ಬಗ್ಗೆ ಮಾತಾಡೋಕೆ ನೀವು ಒಂದು ದಿನ ತುಮಕೂರಿಗೆ ಬರ್ತೀರಾ?

ಹುಬ್ಬಳ್ಳಿ_ಮಂದಿ
ಕರದ್ರ ಬಂದ ಬರ್ತೇನ್ರಿ. ಅಲ್ಲೇ ಹುಟ್ಟಿ ಬೆಳದ ಒಬ್ಬ ಹಿರ್ಯಾರು ಅದಾರ, ಅವರನ್ನೂ ಕರಕೊಂಡ ಬರ್ತೇನಿ, ನನಗಿಂತ ಅವರು ಮಾತಾಡೂದು ಚಲೋ.

ಭಾಗ್ಯ_ಚಿಕ್ಕಮಗಳೂರು
ಅದರ ಮುಂದಿನ ತಿಂಗಳಿಗೆ ಫ್ಲೋರಿಡಾದ ಗ್ರೋವ್‌ಲ್ಯಾಂಡ್ ಕೇಸು ತಗೊಳ್ಳಿ, 1949ರದ್ದು. ಅಲ್ಲಿ 1951ರಲ್ಲಿ ಸುಪ್ರೀಂ ಕೋರ್ಟ್ ಇಬ್ಬರ ಮರಣದಂಡನೆ ರದ್ದು ಮಾಡಿ ಮರುವಿಚಾರಣೆ ಅಂದಾಗ, ಅವರನ್ನ ಕರ್ಕೊಂಡು ಬರೋಕೆ ಹೋದ ಷೆರಿಫ್ ವಿಲ್ಲಿಸ್ ಮೆಕ್‌ಕಾಲ್ ದಾರಿಯಲ್ಲೇ ಇಬ್ಬರಿಗೂ ಗುಂಡು ಹೊಡೆದ, ಕೈಗೆ ಕೋಳ ಇದ್ದ ಹಾಗೇ. ಸ್ಯಾಮ್ಯುಯೆಲ್ ಶೆಫರ್ಡ್ ಅಲ್ಲೇ ಸತ್ತ. ವಾಲ್ಟರ್ ಇರ್ವಿನ್ ಸತ್ತವನ ಹಾಗೆ ಬಿದ್ದುಕೊಂಡು ಉಳಿದ, ಆಸ್ಪತ್ರೆಯಲ್ಲಿ ನಡೆದಿದ್ದು ಹೇಳಿದ. ಅವನಿಗೆ ಮತ್ತೆ ಮರಣದಂಡನೆ ಕೊಟ್ಟರು. ಷೆರಿಫ್ 1972ರವರೆಗೂ ಅದೇ ಕುರ್ಚಿಯಲ್ಲಿದ್ದ, ಚುನಾವಣೆ ಮೇಲೆ ಚುನಾವಣೆ ಗೆದ್ದು.